ಬತ್ತಿದ ಬಾವಿಯೋ, ಸೇದದ ಬಾವಿಯೋ?

2025ರ ಜುಲೈ 4ರ ಸಂಜೆ ವೇಲ್ಸ್‌ನ ಕಾರ್ಡಿಫ್ ಕ್ರೀಡಾಂಗಣದಲ್ಲಿ ಓಯಸಿಸ್ ರಾಕ್ ತಂಡದ ಅಣ್ಣತಮ್ಮಂದಿರು ಕೈ ಕೈ ಹಿಡಿದುಕೊಂಡು ವೇದಿಕೆಗೆ ಬಂದರು. 2009ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಉತ್ಸವವೊಂದರಲ್ಲಿ, ಇನ್ನೇನು ವೇದಿಕೆ ಹತ್ತಬೇಕು ಅನ್ನುವಾಗ ಜಗಳವಾಡಿ ಬೇರೆಯಾದವರು ಇವರು. ನಡುವಿನ ಹದಿನಾರು ವರ್ಷ ಪತ್ರಿಕೆಗಳ ಮೂಲಕವೇ ಒಬ್ಬರನ್ನೊಬ್ಬರು ಹಳಿದುಕೊಂಡಿದ್ದರು. ಆ ಸಂಜೆ ಅಣ್ಣ ನೋಯೆಲ್ ಗ್ಯಾಲಗರ್‌ಗೆ 58, ತಮ್ಮ ಲಿಯಮ್‌ಗೆ 52. ಅಂದು ಅವರು ನುಡಿಸಿದ್ದು 23 ಹಾಡು. ಒಂದನ್ನು ಬಿಟ್ಟರೆ ಉಳಿದವೆಲ್ಲ 1990ರ ದಶಕದವು; ಆ ಒಂದೂ 2002ರದು. ಹೊಸದಾಗಿ ಕಟ್ಟಿದ ಹಾಡು ಒಂದೂ ಇರಲಿಲ್ಲ. ಕ್ರೀಡಾಂಗಣದಲ್ಲಿ ಯಾರಿಗೂ ಅದರ ಕೊರತೆ ಕಂಡಂತಿರಲಿಲ್ಲ.

ಇಂಥ ಪ್ರತಿ ಮರುಮಿಲನದ ಬೆನ್ನಿಗೂ ಒಂದು ತೀರ್ಪು ಹೊರಬೀಳುತ್ತದೆ. ಅದನ್ನು ನ್ಯಾಯವಾಗಿ ಹೇಳಬೇಕೆಂದರೆ ಹೀಗಿದೆ: ರಾಕ್ ಸಂಗೀತ ಹುಟ್ಟಿದ್ದೇ ಹರೆಯದ ಸಿಟ್ಟು, ಕಾಮನೆ, ಅಸಹನೆಗಳಿಂದ. ಆ ಬಿಸಿ ಮೂವತ್ತೈದರ ಹೊತ್ತಿಗೆ ಆರುತ್ತದೆ. ಆರಿದ ಮೇಲೆ ಹೊಸದು ಹುಟ್ಟುವುದಿಲ್ಲ, ಹಳೆಯದನ್ನೇ ಮಾರಬೇಕಾಗುತ್ತದೆ. ಒಡೆದ ತಂಡಗಳು ಮತ್ತೆ ಒಂದಾಗುವುದು ಈ ವ್ಯಾಪಾರದ ಲಜ್ಜೆಗೆಟ್ಟ ರೂಪ. ತೀರ್ಪಿನ ಬೆಂಬಲಕ್ಕೆ ಸಾಕ್ಷಿಗಳೂ ಗಟ್ಟಿಯಾಗಿವೆ. ದಿ ಹೂ ತಂಡದ ಪೀಟ್ ಟೌನ್‌ಶೆಂಡ್ ಮುದುಕನಾಗುವ ಮೊದಲೇ ಸಾಯುವ ಆಸೆಯನ್ನು ಹಾಡಿನಲ್ಲಿ ಹೇಳಿದ್ದು 1965ರಲ್ಲಿ, ತಮ್ಮ ಇಪ್ಪತ್ತನೇ ವಯಸ್ಸಿನಲ್ಲಿ. ನಲವತ್ತೈದರಲ್ಲೂ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡುತ್ತಿರುವುದಕ್ಕಿಂತ ಸತ್ತರೇ ಮೇಲು ಎಂಬರ್ಥದ ಮಾತನ್ನು ರೋಲಿಂಗ್ ಸ್ಟೋನ್ಸ್ ತಂಡದ ಗಾಯಕ ಮಿಕ್ ಜಾಗರ್ 1970ರ ದಶಕದಲ್ಲಿ ಆಡಿದ್ದರು. ಬೀಟಲ್ಸ್ ತಂಡದ ಮೊದಲ ಆಲ್ಬಮ್‌ 1963ರಲ್ಲಿ, ಕೊನೆಯದು 1970ರಲ್ಲಿ ಹೊರಬಂತು. ತಂಡ ಒಡೆದಾಗ ಜಾರ್ಜ್ ಹ್ಯಾರಿಸನ್‌ಗೆ ಬರೀ 27. ಮನೋವಿಜ್ಞಾನಿ ಹಾರ್ವೆ ಲೇಮನ್ 1953ರ ತಮ್ಮ ‘ಏಜ್ ಅಂಡ್ ಅಚೀವ್‌ಮೆಂಟ್’ ಗ್ರಂಥದಲ್ಲಿ ವಿಜ್ಞಾನಿಗಳ, ಕವಿಗಳ, ಸಂಗೀತಗಾರರ ಸಾಧನೆಗಳನ್ನು ವಯಸ್ಸಿನ ಎದುರು ಜೋಡಿಸಿ, ಬಹುಪಾಲು ಕ್ಷೇತ್ರಗಳಲ್ಲಿ ಶಿಖರ ಮೂವತ್ತರ ಆಸುಪಾಸಿನಲ್ಲೇ ಬರುತ್ತದೆ ಎಂದು ತೋರಿಸಿದ್ದರು.

ಹೀಗಾಗಿ ಈ ನಂಬಿಕೆಯನ್ನು ಮೂರ್ಖರ ಮಾತೆಂದು ತಳ್ಳಿಹಾಕುವಂತಿಲ್ಲ. ಆದರೆ ಒಂದೇ ಉಸಿರಿನಲ್ಲಿ ಹೇಳಿಬಿಡುವ ಈ ತೀರ್ಪಿನಲ್ಲಿ ಮೂರು ಬೇರೆ ಬೇರೆ ವಾದಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸಿ ನೋಡಿದರೆ:

1. ರಾಕ್ ಸ್ವಭಾವತಃ ಹರೆಯದವರ ಸಂಗೀತ. ಅದನ್ನು ವಯಸ್ಸಾದವರು ಹಾಡುವುದೇ ಅಸಂಗತ.

2. ವಯಸ್ಸಾದಂತೆ ಸೃಷ್ಟಿಸುವ ಶಕ್ತಿ ತಾನಾಗಿಯೇ ಬತ್ತುತ್ತದೆ.

3. ಆದ್ದರಿಂದ ಮರುಮಿಲನದ ಹಿಂದೆ ಹಣವಲ್ಲದೆ ಬೇರೆ ಪ್ರೇರಣೆ ಇರಲಾರದು.

ಮೊದಲನೆಯದು ಇತಿಹಾಸದ ಎದುರು ನಿಲ್ಲುವುದಿಲ್ಲ. ಹದಿಹರೆಯದ ಬದುಕನ್ನು ರಾಕ್ ಸಂಗೀತದ ವಸ್ತುವಾಗಿಸಿದವರಲ್ಲಿ ಮೊದಲ ಹೆಸರು ಚಕ್ ಬೆರಿಯವರದು. ಅವರು ಹುಟ್ಟಿದ್ದು 1926ರಲ್ಲಿ. ಶಾಲೆಯ ಗಂಟೆ, ಪಾಠದ ಬೇಸರ, ಸಂಜೆಯ ಜ್ಯೂಕ್‌ಬಾಕ್ಸ್ ಕುರಿತ ‘ಸ್ಕೂಲ್ ಡೇಸ್’ ಹಾಡು 1957ರದು. ಹದಿನಾರರ ಹುಡುಗಿಯ ಕುರಿತ ‘ಸ್ವೀಟ್ ಲಿಟಲ್ ಸಿಕ್ಸ್‌ಟೀನ್’ 1958ರದು. ಅಂದರೆ ಇಡೀ ಒಂದು ಪೀಳಿಗೆಯ ಶಾಲಾ ಮಕ್ಕಳ ದನಿಯಾದವರು ಮೂವತ್ತು ದಾಟಿದ, ಮದುವೆಯಾಗಿ ಮಕ್ಕಳಿದ್ದ ಗೃಹಸ್ಥ. ‘ರಾಕ್ ಅರೌಂಡ್ ದ ಕ್ಲಾಕ್’ ಹಾಡಿದ ಬಿಲ್ ಹೇಲಿಗೂ ಆಗ ಮೂವತ್ತು ಹತ್ತಿರವಾಗಿತ್ತು. ಹರೆಯ ಇದ್ದದ್ದು ಕೊಳ್ಳುವವರಲ್ಲಿ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಮಕ್ಕಳ ಸಂಖ್ಯೆ ಏರಿತು, ಅವರ ಕೈಯಲ್ಲಿ ಒಂದಿಷ್ಟು ಪುಡಿಗಾಸು ಓಡಾಡಿತು, 1954ರ ಹೊತ್ತಿಗೆ ಜೇಬಿನಲ್ಲಿ ಹಿಡಿಸುವ ಟ್ರಾನ್ಸಿಸ್ಟರ್ ರೇಡಿಯೊ ಬಂತು. ಮಾರುಕಟ್ಟೆಯ ಈ ಚಿತ್ರವನ್ನೇ ಮುಂದೆ ಜನ ಕಲೆಯ ಸ್ವಭಾವವೆಂದು ತಪ್ಪಾಗಿ ಓದಿಕೊಂಡರು.

ಇನ್ನೂ ಒಂದು ಹೆಜ್ಜೆ ಹಿಂದೆ ಹೋದರೆ ಚಿತ್ರ ಪೂರ್ತಿ ತಿರುಗಿಬೀಳುತ್ತದೆ. ರಾಕ್‌ನ ತಾಯಿಬೇರು ಬ್ಲೂಸ್. ಆ ಪರಂಪರೆಯಲ್ಲಿ ವಯಸ್ಸಾದ ಗಾಯಕನೆಂದರೆ ಮರ್ಯಾದೆಯ ಮನುಷ್ಯ. ಮಡಿ ವಾಟರ್ಸ್ ತಮ್ಮ ‘ಹಾರ್ಡ್ ಅಗೇನ್’ ಆಲ್ಬಮ್ ತಂದಾಗ, 1977ರಲ್ಲಿ, ಅರವತ್ತು ದಾಟಿದ್ದರು. ಅದು ಅವರ ಅತ್ಯುತ್ತಮ ಧ್ವನಿಮುದ್ರಣಗಳ ಸಾಲಿಗೆ ಸೇರಿತು. ಜಾನ್ ಲೀ ಹೂಕರ್ ಲೋಕಪ್ರಸಿದ್ಧರಾದ ‘ದ ಹೀಲರ್’ ಬಂದದ್ದು 1989ರಲ್ಲಿ, ಅವರ ಎಪ್ಪತ್ತರ ಆಚೀಚೆ. ಇವರನ್ನು ಯಾರೂ ‘ಇನ್ನೂ ಹಾಡುತ್ತೀರಾ?’ ಎಂದು ಕೇಳಲಿಲ್ಲ. ಅವರ ಶಿಷ್ಯರಂತೆ ಬೆಳೆದ ಬ್ರಿಟಿಷ್ ಹುಡುಗರಿಗೆ ಮಾತ್ರ ಅರವತ್ತಾದಾಗ ಅದೇ ಪ್ರಶ್ನೆ ಎದುರಾಯಿತು.

ಧಾರವಾಡದ ಸೀಮೆಯ ಕೇಳುಗರಿಗೆ ಈ ಪ್ರಶ್ನೆಯ ವಿಚಿತ್ರ ಬೇಗ ಹೊಳೆಯಬಹುದು. ಮಲ್ಲಿಕಾರ್ಜುನ ಮನ್ಸೂರರು ಹುಟ್ಟಿದ್ದು 1910ರ ಕೊನೆಯ ದಿನ. ದೇಶ ಅವರತ್ತ ನಿಜವಾಗಿ ಕಿವಿಗೊಟ್ಟದ್ದು ಅವರಿಗೆ ಅರವತ್ತಾದ ಮೇಲೆ. ಎಂಬತ್ತರ ಮನ್ಸೂರರು ಹಾಡಲು ಕೂತಾಗ ‘ಇವರಿಗಿನ್ನು ಸಾಕು’ ಅನ್ನುವ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎಂಬತ್ತರ ಜಾಗರ್ ವಿಷಯದಲ್ಲಿ ಬರುತ್ತದೆ. ಏಕೆ? ಹಿಂದೂಸ್ತಾನಿಯಲ್ಲಿ ರಾಗ ಪ್ರತಿ ಬೈಠಕ್ಕಿನಲ್ಲೂ ಹೊಸದಾಗಿ ಬಿಚ್ಚಿಕೊಳ್ಳಬೇಕು. ನಿನ್ನೆ ಹಾಡಿದ ಯಮನ್ ಇಂದಿನ ಯಮನ್‌ಗೆ ಅಳತೆಗೋಲಲ್ಲ. ರಾಕ್‌ನಲ್ಲಿ ಕೃತಿಯೆಂದರೆ ಧ್ವನಿಮುದ್ರಿಕೆ. 1965ರಲ್ಲಿ ಸ್ಟುಡಿಯೊದಲ್ಲಿ ಅಚ್ಚಾದ ಮೂರು-ನಾಲ್ಕು ನಿಮಿಷಗಳೇ ಮೂಲ; ಆಮೇಲಿನ ಪ್ರತಿ ಕಛೇರಿಯೂ ಅದರ ನಕಲೆಂದೇ ಕೇಳುಗ ಭಾವಿಸುತ್ತಾನೆ. ಹಾಗಾಗಿ ಎಂಬತ್ತರ ಗಾಯಕ ಪ್ರತಿ ರಾತ್ರಿ ಸ್ಪರ್ಧಿಸಬೇಕಾದದ್ದು ತನ್ನದೇ ಇಪ್ಪತ್ತೆರಡರ ಗಂಟಲಿನ ಜೊತೆ, ಅದೂ ಎಂದಿಗೂ ದಣಿಯದ, ನೆಗಡಿಯಾಗದ ಗಂಟಲಿನ ಜೊತೆ. ಸೋಲು ಖಚಿತ. ಆದರೆ ಆ ಸೋಲು ಹಾಡುಗಾರನ ವಯಸ್ಸಿಗಿಂತ ಹೆಚ್ಚಾಗಿ ಕೇಳುಗ ಕೈಯಲ್ಲಿ ಹಿಡಿದ ಅಳತೆಗೋಲಿನಿಂದ ಬಂದದ್ದು.

ಎರಡನೆಯ ವಾದ ಇನ್ನೂ ಗಟ್ಟಿಯಾದದ್ದು. ಅದರೊಳಗೆ ದೇಹದ ದಣಿವು, ಸೃಷ್ಟಿಯ ದಣಿವು ಎರಡೂ ಒಂದೇ ಎಂಬ ಅವಸರ ಮೊದಲು ಕಾಣುತ್ತದೆ. ದೇಹ ದಣಿಯುತ್ತದೆ, ಸಂಶಯವಿಲ್ಲ. 2022ರ ಮಾರ್ಚ್ 26ರಂದು ಲಂಡನ್‌ನಲ್ಲಿ ಜೆನೆಸಿಸ್ ತಂಡದ ಕೊನೆಯ ಕಛೇರಿ ನಡೆದಾಗ ಫಿಲ್ ಕಾಲಿನ್ಸ್ ವೇದಿಕೆಯ ನಡುವೆ ಕುರ್ಚಿಯಲ್ಲಿ ಕೂತೇ ಹಾಡಿದರು. ಆ ತಂಡಕ್ಕೆ 1970ರಲ್ಲಿ ಡ್ರಮ್ ವಾದಕನಾಗಿ ಬಂದವರು ಅವರು. ನರದ ತೊಂದರೆಯಿಂದ ಈಗ ಕೋಲು ಹಿಡಿಯಲೂ ಬೆರಳು ಕೇಳುತ್ತಿರಲಿಲ್ಲ. ಅವರ ಬೆನ್ನ ಹಿಂದೆ, ಅವರದೇ ಹಳೆಯ ಜಾಗದಲ್ಲಿ ಕೂತು ಬಾರಿಸುತ್ತಿದ್ದವನು ಮಗ ನಿಕ್. ತಂದೆ ಕಟ್ಟಿದ ಲಯವನ್ನು ಮಗ ಬಾರಿಸುತ್ತಿದ್ದಾನೆ, ತಂದೆ ಅತ್ತ ತಿರುಗದೆ ಹಾಡುತ್ತಿದ್ದಾರೆ. ನೋಡಲು ಕಷ್ಟವಾದ ದೃಶ್ಯ. ಆದರೆ ಅದು ಹೇಳುವುದು ನರಗಳ ಬಗ್ಗೆ, ಕಲ್ಪನೆಯ ಬಗ್ಗೆಯಲ್ಲ. ಗಂಟಲು ಬದಲಾದಾಗ ಕಲ್ಪನೆ ಅದನ್ನೇ ಬಂಡವಾಳ ಮಾಡಿಕೊಳ್ಳುವುದೂ ಉಂಟು. ಜೋನಿ ಮಿಚೆಲ್ ಇಪ್ಪತ್ತರ ಹರೆಯದಲ್ಲಿ ತೆಳ್ಳಗಿನ ಎತ್ತರದ ದನಿಯಲ್ಲಿ ಹಾಡಿದ್ದ ‘ಬೋತ್ ಸೈಡ್ಸ್ ನೌ’ ಹಾಡನ್ನು 2000ದಲ್ಲಿ, ಐವತ್ತಾರನೇ ವಯಸ್ಸಿನಲ್ಲಿ, ಆರ್ಕೆಸ್ಟ್ರಾ ಜೊತೆ ಮತ್ತೆ ಹಾಡಿದರು. ಸಿಗರೇಟಿನಿಂದ ಒರಟಾಗಿ ಕೆಳಸ್ಥಾಯಿಗೆ ಇಳಿದಿದ್ದ ಆ ದನಿಯಲ್ಲಿ ಹಾಡಿನ ಅರ್ಥವೇ ಬೇರೆಯಾಯಿತು. ಬದುಕಿನ ಎರಡೂ ಬದಿ ಕಂಡೆನೆಂದು ಇಪ್ಪತ್ತರ ಹುಡುಗಿ ಹೇಳಿದರೆ ಅದು ಊಹೆ. ಐವತ್ತಾರರ ಹೆಂಗಸು ಹೇಳಿದಾಗ ವರದಿ.

ದೇಹವನ್ನು ಬದಿಗಿಟ್ಟ ಮೇಲೂ ಪ್ರಶ್ನೆ ಉಳಿಯುತ್ತದೆ: ಹೊಸ ಹಾಡುಗಳೇಕೆ ಕಡಿಮೆಯಾಗುತ್ತವೆ? ರೋಲಿಂಗ್ ಸ್ಟೋನ್ಸ್ ತಂಡದ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಬ್ರಿಟನ್‌ನಲ್ಲಿ 1964ರಿಂದ 1972ರವರೆಗಿನ ಒಂಬತ್ತು ವರ್ಷಗಳಲ್ಲಿ ಅವರ 10 ಸ್ಟುಡಿಯೊ ಆಲ್ಬಮ್‌ ಹೊರಬಂದವು. 1989ರಿಂದ 2023ರವರೆಗಿನ ಮೂವತ್ತೈದು ವರ್ಷಗಳಲ್ಲಿ ಬಂದವು ಆರು. ಅವುಗಳಲ್ಲಿ 2016ರ ‘ಬ್ಲೂ ಅಂಡ್ ಲೋನ್‌ಸಮ್’ ಪೂರ್ತಿಯಾಗಿ ಬೇರೆಯವರ ಹಳೆಯ ಬ್ಲೂಸ್ ಹಾಡುಗಳದು. ಇಳಿತ ಕಣ್ಣಿಗೆ ರಾಚುವಂತಿದೆ. ಆದರೆ ಇಳಿತ ಕಂಡ ಮಾತ್ರಕ್ಕೆ ಕಾರಣ ಕಂಡಂತಲ್ಲ. ಹಳ್ಳಿಯಲ್ಲಿ ಮನೆಮನೆಗೆ ನಲ್ಲಿ ಬಂದ ಮೇಲೆ ಊರ ಬಾವಿಯನ್ನು ಯಾರೂ ಸೇದುವುದಿಲ್ಲ. ನಾಲ್ಕು ವರ್ಷದಲ್ಲಿ ಹೂಳು ತುಂಬಿ, ಪಾಚಿ ಕಟ್ಟುತ್ತದೆ. ಇಣುಕಿದವರು ‘ಬಾವಿ ಹೋಯಿತು’ ಅನ್ನುತ್ತಾರೆ. ಹೋದದ್ದು ಒರತೆಯೋ ಸೇದುವ ಅಭ್ಯಾಸವೋ ಎಂಬುದು ಹೂಳೆತ್ತಿ ನೋಡುವ ತನಕ ಗೊತ್ತಾಗುವುದಿಲ್ಲ.

ಅರವತ್ತರ ದಶಕದಲ್ಲಿ ಈ ತಂಡಗಳ ಬಾವಿಯನ್ನು ಸೇದಿಸುತ್ತಿದ್ದವರು ಯಾರೆಂದು ನೋಡಿದರೆ ಉತ್ತರ ಸಿಗುತ್ತದೆ. ಬೀಟಲ್ಸ್ ತಮ್ಮ ಮೊದಲ ಆಲ್ಬಮ್‌ನ 10 ಹಾಡುಗಳನ್ನು 1963ರ ಫೆಬ್ರವರಿ 11ರ ಒಂದೇ ದಿನ ಮುದ್ರಿಸಿದರು. ಸ್ಟುಡಿಯೊ ಸಮಯಕ್ಕೆ ಕಾಸು ಎಣಿಸುವ ಕಾಲ ಅದು. ಕಂಪನಿ ವರ್ಷಕ್ಕೆರಡು ಆಲ್ಬಮ್‌, ಮೇಲಿಷ್ಟು ಬಿಡಿ ಹಾಡು ಕೇಳುತ್ತಿತ್ತು. ಜಾಗರ್ ಮತ್ತು ಕೀತ್ ರಿಚರ್ಡ್ಸ್ ಹಾಡು ಬರೆಯತೊಡಗಿದ್ದೂ ಒಳಗಿನ ಉರಿಯಿಂದಲ್ಲ. ಬೇರೆಯವರ ಹಾಡುಗಳನ್ನೇ ನೆಚ್ಚಿಕೊಂಡರೆ ತಂಡಕ್ಕೆ ಉಳಿಗಾಲವಿಲ್ಲವೆಂದು ಮ್ಯಾನೇಜರ್ ಆಂಡ್ರೂ ಲೂಗ್ ಓಲ್ಡಮ್ ಪಟ್ಟುಹಿಡಿದರು. ಹಾಡು ಕಟ್ಟದೆ ಹೊರಬರಬೇಡಿ ಎಂದು ಇಬ್ಬರನ್ನೂ ಅಡುಗೆಮನೆಯಲ್ಲಿ ಕೂಡಿಹಾಕಿದರು ಎಂಬ ಕತೆಯನ್ನು ರಿಚರ್ಡ್ಸ್ ಹಲವು ಸಲ ಹೇಳಿದ್ದಾರೆ. ಕತೆಗೆ ಒಗ್ಗರಣೆ ಬಿದ್ದಿರಬಹುದು. ತಿರುಳು ಮಾತ್ರ ಸ್ಪಷ್ಟ. ಇದರ ಮೇಲೆ, ನಾಲ್ಕೈದು ಹುಡುಗರು ಒಂದೇ ವ್ಯಾನಿನಲ್ಲಿ ತಿರುಗಿ, ಒಂದೇ ಕೋಣೆಯಲ್ಲಿ ಮಲಗಿ, ಒಬ್ಬ ತಂದ ಅರೆಬೆಂದ ಸಾಲನ್ನು ಇನ್ನೊಬ್ಬ ಗೇಲಿ ಮಾಡಿ ತಿದ್ದುವ ಬದುಕು. ಪಕ್ಕದ ತಂಡದ ಹೊಸ ರೆಕಾರ್ಡ್ ಕೇಳಿ ನಿದ್ದೆಗೆಡುವ ಪೈಪೋಟಿ. ಸೃಜನಶೀಲತೆ ಎಂದು ಹೊರಗಿನವರು ಕರೆದದ್ದರ ದೊಡ್ಡ ಪಾಲು ಈ ಏರ್ಪಾಡಿನಲ್ಲಿತ್ತು.

ಐವತ್ತರ ಹೊತ್ತಿಗೆ ಆ ಏರ್ಪಾಡಿನ ಒಂದೊಂದೇ ಕಂಬ ಕಳಚಿರುತ್ತದೆ. ಹಣದ ಒತ್ತಡವಿಲ್ಲ, ಗಡುವಿಲ್ಲ. ಒಬ್ಬ ಒಂದು ದೇಶದಲ್ಲಿ, ಇನ್ನೊಬ್ಬ ಇನ್ನೊಂದರಲ್ಲಿ. ‘ಇದು ಚೆನ್ನಾಗಿಲ್ಲ’ ಎಂದು ಮುಖಕ್ಕೆ ಹೇಳಬಲ್ಲವರು ಸುತ್ತ ಯಾರೂ ಉಳಿದಿರುವುದಿಲ್ಲ. ಈ ವಿವರಣೆ ಸರಿಯಾಗಿದ್ದರೆ ಏರ್ಪಾಡನ್ನು ಮರಳಿ ಕಟ್ಟಿದಾಗ ನೀರು ಮರಳಬೇಕು. ಮರಳಿದ ಉದಾಹರಣೆ ಅದೇ ತಂಡದಲ್ಲಿದೆ. 2005ರ ನಂತರ ಸ್ಟೋನ್ಸ್ ಸ್ವಂತ ಹಾಡುಗಳ ಆಲ್ಬಮ್‌ ತಂದಿರಲಿಲ್ಲ. ಸ್ಟುಡಿಯೊಗೆ ಹೋಗುವುದು, ಅರ್ಧಂಬರ್ಧ ಮಾಡಿ ಬಿಡುವುದು ವರ್ಷಗಟ್ಟಲೆ ನಡೆದಿತ್ತು. 2021ರ ಆಗಸ್ಟ್‌ನಲ್ಲಿ ಡ್ರಮ್ ವಾದಕ ಚಾರ್ಲಿ ವಾಟ್ಸ್ ಎಂಬತ್ತರಲ್ಲಿ ತೀರಿಕೊಂಡರು. ಆಮೇಲೆ 2022ರ ಕೊನೆಯಲ್ಲಿ ಜಾಗರ್ ಒಂದು ಗಡುವು ಹಾಕಿದರು: ಕ್ರಿಸ್‌ಮಸ್ ಹೊತ್ತಿಗೆ ಕೆಲಸ ಹಿಡಿದು ಪ್ರೇಮಿಗಳ ದಿನಕ್ಕೆ ಮುಗಿಸಿಬಿಡುವುದು. ಮೊಮ್ಮಗನ ವಯಸ್ಸಿನ, 1990ರಲ್ಲಿ ಹುಟ್ಟಿದ ಆಂಡ್ರೂ ವಾಟ್ ಎಂಬ ನಿರ್ಮಾಪಕ ಅವರನ್ನು ಓಡಿಸಿದ. ಹದಿನೆಂಟು ವರ್ಷ ಬಾರದ ಆಲ್ಬಮ್‌ ‘ಹ್ಯಾಕ್ನಿ ಡೈಮಂಡ್ಸ್’ 2023ರ ಅಕ್ಟೋಬರ್‌ನಲ್ಲಿ ಹೊರಬಂತು, 2025ರಲ್ಲಿ ಅತ್ಯುತ್ತಮ ರಾಕ್ ಆಲ್ಬಮ್‌ನ ಗ್ರ್ಯಾಮಿ ಪ್ರಶಸ್ತಿಯನ್ನೂ ಗೆದ್ದಿತು. ಅದು ಅವರ 1968-72ರ ಕೆಲಸಕ್ಕೆ ಸಮವೆಂದು ಹೇಳಿದರೆ ಉತ್ಪ್ರೇಕ್ಷೆ. ಆದರೆ ಒರತೆ ಬತ್ತಿತ್ತು ಎಂಬ ವಾದಕ್ಕೆ ಅದು ನೇರ ಉತ್ತರ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಏಳಬೇಕಾದದ್ದೇ. ಮಾಡುವುದು ಬೇರೆ, ಮಹತ್ತಾದದ್ದನ್ನು ಮಾಡುವುದು ಬೇರೆ. ಎಂಬತ್ತರಲ್ಲಿ ಆಲ್ಬಮ್‌ ಬರಬಹುದು, ‘ಪೇಂಟ್ ಇಟ್ ಬ್ಲ್ಯಾಕ್’ ಬರುವುದೇ? ಇದಕ್ಕೆ ಎರಡು ಕಡೆಯಿಂದ ಉತ್ತರ ಹುಡುಕಬಹುದು. ಸೃಜನಶೀಲರ ಬದುಕನ್ನು ಅಂಕಿಗಳಲ್ಲಿ ಅಭ್ಯಾಸ ಮಾಡಿದ ಮನೋವಿಜ್ಞಾನಿ ಡೀನ್ ಸೈಮಂಟನ್ ಮುಂದಿಟ್ಟ ವಿಚಾರ ಮೊದಲನೆಯದು: ಒಬ್ಬನ ಒಟ್ಟು ಕೃತಿಗಳಲ್ಲಿ ಗೆದ್ದವುಗಳ ಪ್ರಮಾಣ ವಯಸ್ಸಿನೊಂದಿಗೆ ಹೆಚ್ಚು ಬದಲಾಗುವುದಿಲ್ಲ, ಬದಲಾಗುವುದು ಒಟ್ಟು ಸಂಖ್ಯೆ. ಬಹಳ ಬರೆಯುವ ವಯಸ್ಸಿನಲ್ಲಿ ಒಳ್ಳೆಯವು ಹೆಚ್ಚು, ಕೆಟ್ಟವೂ ಹೆಚ್ಚು. ಕೆಟ್ಟವನ್ನು ಕಾಲ ಮರೆಸುತ್ತದೆ. ಹತ್ತು ಬೀಜ ಬಿತ್ತಿ ಮೂರು ಮರ ಕಂಡವನು, ಒಂದೇ ಬೀಜ ಬಿತ್ತಿದ ವರ್ಷ ಮರ ಬರಲಿಲ್ಲವೆಂದು ಮಣ್ಣನ್ನು ದೂರುವಂತಿಲ್ಲ. ಎರಡನೆಯದು ಅರ್ಥಶಾಸ್ತ್ರಜ್ಞ ಡೇವಿಡ್ ಗ್ಯಾಲೆನ್‌ಸನ್ 2006ರಲ್ಲಿ ಗ್ರಂಥರೂಪದಲ್ಲಿ ಮಂಡಿಸಿದ ವಿಂಗಡಣೆ. ಕೆಲವರಿಗೆ ಒಂದು ಹೊಸ ಕಲ್ಪನೆ ಹೊಳೆದು, ಅದನ್ನು ಎಳೆವಯಸ್ಸಿನಲ್ಲೇ ಒಮ್ಮೆಗೇ ಸಾಧಿಸುತ್ತಾರೆ. ಇನ್ನು ಕೆಲವರು ತಡಕಾಡುತ್ತ, ತಿದ್ದುತ್ತ, ತಡವಾಗಿ ಮಾಗುತ್ತಾರೆ. ಪಿಕಾಸೊ ಮೊದಲ ಬಗೆ, ಸೆಜಾನ್ ಎರಡನೆಯದು. ಕನ್ನಡದಲ್ಲಿ ಹುಡುಕಿದರೆ, ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಬಂದದ್ದು 1968ರಲ್ಲಿ, ಅವರ ಅರವತ್ತಾರರಲ್ಲಿ. ರಾಕ್‌ನ ಮಾರುಕಟ್ಟೆ ಮೊದಲ ಬಗೆಯವರಿಗೇ ಬಾಗಿಲು ತೆರೆಯಿತು. ಎರಡನೆಯವರು ಮಾಗುವ ಹೊತ್ತಿಗೆ ಅಂಗಡಿ ಮುಚ್ಚಿರುತ್ತಿತ್ತು.

ಮುಚ್ಚಿದ ಬಾಗಿಲನ್ನು ತಳ್ಳಿಕೊಂಡು ಬಂದವರು ಇದ್ದಾರೆ. ಬಾಬ್ ಡಿಲನ್ ‘ಟೈಮ್ ಔಟ್ ಆಫ್ ಮೈಂಡ್’ ತಂದದ್ದು 1997ರಲ್ಲಿ, ಐವತ್ತಾರರಲ್ಲಿ. ಅದು ವರ್ಷದ ಆಲ್ಬಮ್‌ನ ಗ್ರ್ಯಾಮಿ ಗೆದ್ದಿತು. ಕೆನಡಿ ಹತ್ಯೆಯ ಸುತ್ತ ಕಟ್ಟಿದ, ಹೆಚ್ಚುಕಡಿಮೆ ಹದಿನೇಳು ನಿಮಿಷದ ‘ಮರ್ಡರ್ ಮೋಸ್ಟ್ ಫೌಲ್’ 2020ರದು. ಆಗ ಅವರಿಗೆ 78. ಡೇವಿಡ್ ಬೋವಿ ಹತ್ತು ವರ್ಷದ ಮೌನದ ಬಳಿಕ 2013ರಲ್ಲಿ ಮರಳಿದರು. ಆಮೇಲೆ ನ್ಯೂಯಾರ್ಕಿನ ಜಾಜ್ ವಾದಕರನ್ನು ಸೇರಿಸಿಕೊಂಡು ಮಾಡಿದ ‘ಬ್ಲ್ಯಾಕ್‌ಸ್ಟಾರ್’ 2016ರ ಜನವರಿ 8ರಂದು, ಅವರ 69ನೇ ಹುಟ್ಟುಹಬ್ಬದಂದು ಬಂತು. ಎರಡು ದಿನಗಳಲ್ಲಿ ಅವರು ತೀರಿಕೊಂಡರು. ಕ್ಯಾನ್ಸರ್ ಜೊತೆಗಿದ್ದ ಆ ತಿಂಗಳುಗಳಲ್ಲಿ ಅವರು ಹಳೆಯ ಜಯಗಳನ್ನು ಮರಳಿ ಮಾಡಲಿಲ್ಲ, ತಾವು ಹಿಂದೆಂದೂ ನುಡಿಸದ ಕಡೆಗೆ ನಡೆದರು. ಇವರೆಲ್ಲ ಅಪವಾದಗಳಲ್ಲವೇ ಎಂದರೆ, ಹೌದು. ಆದರೆ ಇಪ್ಪತ್ತೈದರಲ್ಲಿ ಶ್ರೇಷ್ಠವಾದದ್ದನ್ನು ಮಾಡಿದವರೂ ಅಪವಾದಗಳೇ. 1965ರಲ್ಲಿ ಬ್ರಿಟನ್ನಿನ ಊರೂರಲ್ಲಿ ಗಿಟಾರ್ ಹಿಡಿದಿದ್ದ ಲೆಕ್ಕವಿಲ್ಲದ ಹುಡುಗರಲ್ಲಿ ಇಂದು ನೆನಪಿರುವವರು ಬೆರಳೆಣಿಕೆಯವರು. ಹರೆಯದಲ್ಲಿ ಶಿಖರಗಳನ್ನೂ ಮುಪ್ಪಿನಲ್ಲಿ ಸರಾಸರಿಯನ್ನೂ ಹಿಡಿದು ತೂಗಿದರೆ ತಕ್ಕಡಿ ಮೊದಲೇ ವಾಲಿರುತ್ತದೆ.

ತಕ್ಕಡಿ ಹಿಡಿದವರ ಕೈಯನ್ನೂ ಇಲ್ಲಿ ನೋಡಬೇಕು. ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳು ಮನುಷ್ಯನಲ್ಲಿ ಉಳಿದ ಕಾಲದವುಗಳಿಗಿಂತ ದಟ್ಟವಾಗಿ ಉಳಿಯುತ್ತವೆ ಎಂಬುದು ಮನೋವಿಜ್ಞಾನದಲ್ಲಿ ಚೆನ್ನಾಗಿ ನೆಲೆಯೂರಿದ ಸಂಗತಿ. ಆಗ ಕೇಳಿದ ಹಾಡು ಹಾಡಾಗಿಯಷ್ಟೇ ಉಳಿಯುವುದಿಲ್ಲ. ಕಾಲೇಜು, ಮೊದಲ ಸಂಬಳ, ತಪ್ಪಿಹೋದ ಪ್ರೇಮ ಎಲ್ಲ ಅದಕ್ಕೆ ಅಂಟಿರುತ್ತವೆ. ಅದೇ ಗಾಯಕ ಮೊನ್ನೆ ಬರೆದ ಹಾಡಿಗೆ ಇಂಥ ಯಾವ ಬಂಧುಬಳಗವೂ ಇಲ್ಲ. 2003ರ ಏಪ್ರಿಲ್ 4ರಂದು ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಜಾಗರ್‌ಗೆ 59. ಮಳೆಯಲ್ಲಿ ನೆನೆದು ನಿಂತವರಲ್ಲಿ ಕ್ಯಾಸೆಟ್ಟಿನಲ್ಲಷ್ಟೇ ಕೇಳಿದ್ದ ಹಾಡನ್ನು ಕಣ್ಣೆದುರು ಕಾಣಲು ಬಂದವರೇ ಹೆಚ್ಚು. ಅವರ ಆಸೆ ತಪ್ಪಲ್ಲ. ಆದರೆ ಹಳೆಯದನ್ನೇ ಕೇಳಲು ದುಡ್ಡು ಕೊಟ್ಟು, ಹೊಸ ಹಾಡು ಶುರುವಾದಾಗ ಬಿಯರ್ ಅಂಗಡಿಯತ್ತ ಹೊರಡುವ ಸಭಿಕ, ಮನೆಗೆ ಬಂದು ‘ಇವರಲ್ಲಿ ಹೊಸದೇನೂ ಉಳಿದಿಲ್ಲ’ ಅನ್ನುವುದರಲ್ಲಿ ತರ್ಕವಿಲ್ಲ. 2024ರ ಸ್ಟೋನ್ಸ್ ಪ್ರವಾಸದಲ್ಲಿ ಒಂದು ರಾತ್ರಿಯ ಹದಿನೆಂಟು-ಹತ್ತೊಂಬತ್ತು ಹಾಡುಗಳಲ್ಲಿ ಹೊಸ ಆಲ್ಬಮ್‌ನವು ಮೂರೋ ನಾಲ್ಕೋ. ಆ ಪ್ರಮಾಣವನ್ನು ನಿಗದಿಪಡಿಸಿದ್ದು ಜಾಗರ್ ಒಬ್ಬರೇ ಅಲ್ಲ.

ಉಳಿದದ್ದು ಹಣದ ಮಾತು. ಹಣ ಇಲ್ಲವೆಂದು ಯಾರೂ ವಾದಿಸುವುದಿಲ್ಲ. 1996ರಲ್ಲಿ ಮತ್ತೆ ಒಂದಾದ ಸೆಕ್ಸ್ ಪಿಸ್ಟಲ್ಸ್ ತಂಡ ಆ ಪ್ರವಾಸಕ್ಕೆ ‘ಫಿಲ್ದಿ ಲೂಕರ್’, ಅಂದರೆ ಕೊಳಕು ಕಾಸು ಎಂದೇ ಹೆಸರಿಟ್ಟು ಟೀಕಾಕಾರರ ಬಾಯಿ ಮುಚ್ಚಿಸಿತು. 1999ರಲ್ಲಿ ಹಾಡುಗಳನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದ ನಂತರ ಆಲ್ಬಮ್‌ ಮಾರಿ ಬದುಕುವ ದಾರಿ ಕಿರಿದಾಯಿತು. ಹಿಂದೆ ಆಲ್ಬಮ್‌ ಮಾರಲು ಪ್ರವಾಸ ಮಾಡುತ್ತಿದ್ದರು. ಈಗ ಪ್ರವಾಸವೇ ಸರಕು. ಸಂಗೀತ ಇನ್ನು ನಲ್ಲಿನೀರಿನಂತೆ ಹರಿಯುತ್ತದೆ, ಊರೂರು ತಿರುಗಲು ಸಿದ್ಧರಾಗಿ ಎಂಬರ್ಥದಲ್ಲಿ ಬೋವಿ 2002ರಲ್ಲೇ ಎಚ್ಚರಿಸಿದ್ದರು. ಆದರೆ ಹಣವಿದ್ದಲ್ಲಿ ಕಲೆಯಿಲ್ಲ ಎಂಬ ನಿಯಮ ಹರೆಯದ ರಾಕ್‌ಗೂ ಒಪ್ಪುವುದಿಲ್ಲ. ಲೆನನ್ ಜೊತೆ ಹಾಡು ಬರೆಯಲು ಕೂರುವಾಗ ‘ಈ ಹಾಡಿನಿಂದ ಒಂದು ಈಜುಕೊಳ’ ಎಂಬ ಲೆಕ್ಕಾಚಾರದ ತಮಾಷೆ ನಡೆಯುತ್ತಿತ್ತೆಂದು ಬೀಟಲ್ಸ್ ತಂಡದ ಪಾಲ್ ಮ್ಯಾಕಾರ್ಟ್ನಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಗಾಯಕ ಲೆನರ್ಡ್ ಕೋಹೆನ್ ಅವರದು. ವಿಶ್ರಾಂತ ಜೀವನಕ್ಕೆಂದು ಉಳಿಸಿದ್ದ ಹಣದ ಬಹುಪಾಲು ಕೈತಪ್ಪಿದೆಯೆಂದು ಎಪ್ಪತ್ತರ ಹೊತ್ತಿಗೆ ಅವರಿಗೆ ತಿಳಿಯಿತು. 2008ರಲ್ಲಿ, 73ರಲ್ಲಿ, ಅವರು ಮತ್ತೆ ರಸ್ತೆಗಿಳಿದದ್ದು ಹಣಕ್ಕಾಗಿಯೇ. ಆ ಪ್ರವಾಸ ಅವರನ್ನು ಮತ್ತೆ ಕೆಲಸಗಾರನನ್ನಾಗಿಸಿತು. 2012, 2014, 2016ರಲ್ಲಿ ಮೂರು ಹೊಸ ಆಲ್ಬಮ್‌ ಬಂದವು. ಕೊನೆಯದು ‘ಯು ವಾಂಟ್ ಇಟ್ ಡಾರ್ಕರ್’ ಬಿಡುಗಡೆಯಾದ ಮೂರು ವಾರದೊಳಗೆ, 82ರಲ್ಲಿ, ಅವರು ತೀರಿಕೊಂಡರು. ಹಣದ ಮುಗ್ಗಟ್ಟು ಇಲ್ಲಿ ಬಾವಿಗೆ ಹಗ್ಗವಾಯಿತು.

ಹೀಗೆ ಬಿಡಿಸಿಕೊಂಡ ಮೇಲೆ ‘ಮರುಮಿಲನ’ ಎಂಬ ಒಂದೇ ಪದದಡಿ ಮೂರು ಬೇರೆ ಕೆಲಸಗಳು ನಡೆಯುತ್ತಿರುವುದು ಕಾಣುತ್ತದೆ.

ಒಂದು, ಸ್ಮರಣೆಯ ಸಭೆ. 2007ರ ಡಿಸೆಂಬರ್ 10ರಂದು ಲೆಡ್ ಝೆಪ್ಲಿನ್ ಲಂಡನ್‌ನಲ್ಲಿ ಒಂದೇ ರಾತ್ರಿಗಾಗಿ ಸೇರಿದಾಗ ತೀರಿಹೋದ ಜಾನ್ ಬೋನಮ್ ಜಾಗದಲ್ಲಿ ಮಗ ಜೇಸನ್ ಡ್ರಮ್ ಬಾರಿಸಿದ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಬ್ಲ್ಯಾಕ್ ಸ್ಯಾಬತ್‌ನ ಮೂಲ ನಾಲ್ವರು ನಾಲ್ಕೇ ಹಾಡು ನುಡಿಸಿದರು, ನಾಲ್ಕೂ 1970ರವು. ಪಾರ್ಕಿನ್ಸನ್ಸ್ ಕಾಯಿಲೆಯ ಆಜಿ ಆಸ್‌ಬೋರ್ನ್ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದರು. ಹದಿನೇಳು ದಿನಗಳ ನಂತರ ಇಲ್ಲವಾದರು. ಇಂಥ ಸಭೆಯಲ್ಲಿ ಹೊಸ ಹಾಡು ಕೇಳುವುದು ತಿಥಿಯ ಮನೆಯಲ್ಲಿ ನಾಮಕರಣದ ಊಟ ಕೇಳಿದಂತೆ.

ಎರಡು, ವಸೂಲಿ. ದಿ ಪೊಲೀಸ್ ತಂಡ 2007-08ರಲ್ಲಿ ಲೋಕ ಸುತ್ತಿ ಕೋಟಿಗಟ್ಟಲೆ ಡಾಲರ್ ಗಳಿಸಿತು, ಒಂದೂ ಹೊಸ ಹಾಡು ಮುದ್ರಿಸದೆ ಬೇರೆಯಾಯಿತು. ಓಯಸಿಸ್‌ನ 2025ರ ಪ್ರವಾಸವನ್ನೂ ಸದ್ಯ ಇಲ್ಲೇ ಸೇರಿಸಬೇಕು. ಇದರಲ್ಲಿ ಮೋಸವಿಲ್ಲ, ಕೊಡುವವರಿಗೂ ಕೊಳ್ಳುವವರಿಗೂ ಸರಕು ಏನೆಂದು ಗೊತ್ತು. ಇದನ್ನು ಸೃಜನಶೀಲತೆಯ ಸಾವಿಗೆ ಪುರಾವೆಯಾಗಿ ಬಳಸುವುದು ಮಾತ್ರ ತಪ್ಪು, ಏಕೆಂದರೆ ಇಲ್ಲಿ ಯಾರೂ ಬಾವಿಗೆ ಕೊಡ ಇಳಿಸಿಯೇ ಇಲ್ಲ.

ಮೂರು, ಮತ್ತೆ ತೆರೆದ ಕಾರ್ಯಾಗಾರ. ಬೆಂಗಳೂರಿನ ಕೇಳುಗರು 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲೇ ಕಂಡ ಐರನ್ ಮೇಡನ್ ಇದಕ್ಕೆ ನಿದರ್ಶನ. ಗಾಯಕ ಬ್ರೂಸ್ ಡಿಕಿನ್‌ಸನ್ 1993ರಲ್ಲಿ ತಂಡ ಬಿಟ್ಟು 1999ರಲ್ಲಿ ಮರಳಿದರು. ಮರಳಿದ್ದು ಹಳೆಯದನ್ನು ಹಾಡಿ ಹೋಗಲಲ್ಲ: 2000ದಿಂದ 2021ರವರೆಗೆ ಆರು ಹೊಸ ಆಲ್ಬಮ್‌ ಬಂದವು. 2006ರಲ್ಲಿ ಹೊಸ ಆಲ್ಬಮ್‌ ಅನ್ನು ಮೊದಲಿಂದ ಕೊನೆವರೆಗೆ ವೇದಿಕೆಯಲ್ಲಿ ನುಡಿಸಿ, ಹಳೆಯದಕ್ಕಾಗಿ ಕೂಗಿದ ಅಭಿಮಾನಿಗಳ ಸಿಟ್ಟನ್ನೂ ಕಟ್ಟಿಕೊಂಡರು. ತಂಡದ ಅತಿ ದೀರ್ಘ ಕೃತಿ, ಹದಿನೆಂಟು ನಿಮಿಷದ ‘ಎಂಪೈರ್ ಆಫ್ ದ ಕ್ಲೌಡ್ಸ್’ ಹಾಡನ್ನು ಡಿಕಿನ್‌ಸನ್ ಬರೆದದ್ದು ಐವತ್ತು ದಾಟಿದ ಮೇಲೆ.

ಹಾಗಾದರೆ ಯಾವ ಮರುಮಿಲನಕ್ಕೂ ಕೇಳಬೇಕಾದ ಪ್ರಶ್ನೆ ಸದಸ್ಯರ ವಯಸ್ಸಿನದಲ್ಲ, ಸಂಭಾವನೆಯದೂ ಅಲ್ಲ. ಅವರು ಮತ್ತೆ ಹಂಚಿಕೊಂಡದ್ದು ವೇದಿಕೆಯನ್ನೋ, ತಾಲೀಮಿನ ಕೋಣೆಯನ್ನೋ? ಕೆಲವೊಮ್ಮೆ ಮತ್ತೆ ಸೇರದಿರುವುದೇ ಒರತೆಯನ್ನು ಕಾಪಾಡುವ ದಾರಿಯಾಗುತ್ತದೆ ಎಂಬುದಕ್ಕೂ ಆ 2007ರ ಝೆಪ್ಲಿನ್ ರಾತ್ರಿಯೇ ಸಾಕ್ಷಿ. ಆ ಒಂದು ಕಛೇರಿಗೆ ಟಿಕೆಟ್ ಕೋರಿ ಎರಡು ಕೋಟಿ ಅರ್ಜಿ ಬಂದವೆಂದು ದಾಖಲೆಯಿದೆ. ಪ್ರವಾಸಕ್ಕೆ ಹೊರಟಿದ್ದರೆ ಸಿಗುತ್ತಿದ್ದ ಮೊತ್ತ ಊಹೆಗೆ ಬಿಟ್ಟದ್ದು. ಗಾಯಕ ರಾಬರ್ಟ್ ಪ್ಲಾಂಟ್ ಒಪ್ಪಲಿಲ್ಲ. ಹರೆಯದ ಆ ಎತ್ತರದ ಕೂಗನ್ನು ಬಿಟ್ಟು, ಅಲಿಸನ್ ಕ್ರೌಸ್ ಎಂಬ ಬ್ಲೂಗ್ರಾಸ್ ಗಾಯಕಿಯ ಜೊತೆ ಮೆಲುದನಿಯಲ್ಲಿ ಹಾಡಿದ ‘ರೇಝಿಂಗ್ ಸ್ಯಾಂಡ್’ ಆಲ್ಬಮ್‌ನ ಪ್ರವಾಸಕ್ಕೆ ಹೊರಟರು. 2009ರ ಫೆಬ್ರವರಿಯಲ್ಲಿ ಆ ಆಲ್ಬಮ್‌ ವರ್ಷದ ಆಲ್ಬಮ್‌ನ ಪ್ರಶಸ್ತಿಯೂ ಸೇರಿ ಐದು ಗ್ರ್ಯಾಮಿ ಗೆದ್ದಿತು. ಆಗ ಪ್ಲಾಂಟ್‌ಗೆ ಅರವತ್ತು ವರ್ಷ.